ಮಾಚಣ್ಣ ಬೆಟ್ಟದ ಮೇಲೆ ಬಟ್ಟೆ ಒಗೆದ ರಾತ್ರಿ

ನಾನು ಹುಟ್ಟೋಕೂ ಮುಂಚೆ, ನಮ್ಮಜ್ಜಿ ಹುಟ್ಟೋಕೂ ಮುಂಚೆ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಮಾಚಣ್ಣ ಅಂತ ಒಬ್ಬ ಮಡಿವಾಳ ಇದ್ನಂತೆ. ಹ್ಞೂಂ ಅಂತಿರು ಕಂದಾ, ಇಲ್ದಿದ್ರೆ ನೀನು ನಿದ್ದೆ ಹೋದ್ಯೋ ಏನೋ ನಂಗೆ ಗೊತ್ತಾಗಲ್ಲ. ಈ ಮಾಚಣ್ಣ ಆಳು ಅಂದ್ರೆ ಆಳು, ಬಾಗಿಲಲ್ಲಿ ನಿಂತ್ರೆ ಒಳಗೆ ಬೆಳಕೇ ಬರ್ತಿರಲಿಲ್ಲ, ನೆನೆದ ಜಮಖಾನಾನ ಒಂದೇ ಕೈಲಿ ಎತ್ತಿ ಕಲ್ಲಿಗೆ ಬಡೀತಿದ್ನಂತೆ. ಆದ್ರೆ ಅಂಥೋನಿಗೆ ಕತ್ತಲೆ ಕಂಡ್ರೆ ಭಯ. ಹೊತ್ತು ಮುಳುಗ್ತು ಅಂದ್ರೆ ಅಗುಳಿ ಹಾಕಿ ಕೂತುಬಿಡೋನು, ರಾತ್ರಿ ಹಿತ್ತಲಿಗೆ ಹೋಗ್ಬೇಕು ಅಂದ್ರೆ ಹೆಂಡತಿ ಬೋರವ್ವನ್ನ ಎಬ್ಬಿಸೋನು. ಬೋರವ್ವನಿಗೆ ಬಿಟ್ರೆ ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

ಹಿಂಗಿರೋವಾಗ ಒಂದು ವರ್ಷ ಊರ ಹತ್ರದ ಅಂಟುವಾಳದ ಮರಗಳು ಕಾಯೇ ಬಿಡಲಿಲ್ಲ. ಅಂಟುವಾಳ ಇಲ್ದೆ ನೊರೆ ಇಲ್ಲ, ನೊರೆ ಇಲ್ದೆ ಬಟ್ಟೆ ಬೆಳ್ಳಗಾಗಲ್ಲ, ಮುಂದೆ ಮದುವೆಗಳ ಕಾಲ ಬೇರೆ. ಬೆಟ್ಟದ ನೆತ್ತಿ ಮೇಲೆ ಬೇಕಾದಷ್ಟು ಉದುರಿ ಬಿದ್ದಿದೆ ಅಂತ ದನ ಕಾಯೋರು ಹೇಳಿದ್ರು. ಆದ್ರೆ ಹತ್ತಿ, ಆಯ್ದು, ಇಳಿಯೋದು ಒಂದು ಹಗಲಲ್ಲಿ ಆಗೋ ಮಾತಲ್ಲ, ರಾತ್ರಿ ಅಲ್ಲೇ ಬಿಡಾರ ಹೂಡ್ಬೇಕು. ಮಾಚಣ್ಣ ಇವತ್ತು ಕಾಲು ನೋವು ಅಂದ, ನಾಳೆ ಕತ್ತೆಗೆ ಹುಷಾರಿಲ್ಲ ಅಂದ, ನಾಡಿದ್ದು ಮೋಡ ಆಗಿದೆ ಅಂದ. ಕೊನೆಗೆ ಬೋರವ್ವ, ನಾನು ಹಸುಗೂಸಿನ ಬಾಣಂತಿ, ಬರೋಕಾಗಲ್ಲ, ದ್ಯಾವಿನ ಕರ್ಕೊಂಡು ಹೋಗು ಅಂದ್ಲಂತೆ. ದ್ಯಾವಿ ಅಂದ್ರೆ ಅವರ ದೊಡ್ಡ ಮಗಳು. ದೊಡ್ಡೋಳು ಅಂತ ಹೆಸರಿಗೆ, ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಒಂದು ರಾತ್ರೀನೂ ಅವ್ವನ ಮಗ್ಗುಲು ಬಿಟ್ಟು ಮಲಗಿದೋಳಲ್ಲ. ಅಂಥೋಳು ಆಗ್ಲೇ ಬುತ್ತಿ ಗಂಟು ಹಿಡ್ಕೊಂಡು ಕತ್ತೆ ಪಕ್ಕ ನಿಂತಿದ್ಲು. ಮಗಳ ಮುಂದೆ ಆಗಲ್ಲ ಅನ್ನೋಕೆ ಮಾಚಣ್ಣನಿಗೆ ಬಾಯಿ ಬರಲಿಲ್ಲವಂತೆ.

ಹತ್ತಿದ್ರು, ಹತ್ತಿದ್ರು. ಮೇಲೆ ಬಂಡೆ ನಡುವೆ ಮಳೆನೀರು ನಿಂತ ಒಂದು ದೊಣೆ ಇತ್ತು, ಅದರ ದಡದಲ್ಲಿ ಎರಡು ಮರಕ್ಕೆ ಹಗ್ಗ ಕಟ್ಟಿ, ಜಮಖಾನ ಇಳಿಬಿಟ್ಟು ಗುಡಾರ ಮಾಡಿದ್ರು. ಸಂಜೆವರೆಗೂ ಕಾಯಿ ಆಯ್ದು ಚೀಲ ತುಂಬಿದ್ರು. ಆಮೇಲೆ ದ್ಯಾವಿ ತಾನೇ ಕಲ್ಲು ಹುಡುಕಿ ಒಲೆ ಹೂಡಿದ್ಲು, ಪುಳ್ಳೆ ತಂದ್ಲು, ರೊಟ್ಟಿ ಬಿಸಿ ಮಾಡಿ ದೊಡ್ಡ ತುಂಡು ಅಪ್ಪನಿಗೆ ಕೊಟ್ಲು. ಮಾಚಣ್ಣ ಮಗಳನ್ನೇ ನೋಡ್ತಾ ಕೂತ. ಹೊತ್ತು ಮಾತ್ರ ಇಳೀತಾನೇ ಇತ್ತು.

ಕತ್ತಲಾಯ್ತು. ತರಗೆಲೆ ಮೇಲೆ ಏನೋ ಗಲಗಲ, ಗಲಗಲ. ಮಾಚಣ್ಣ ಒಲೆ ಹತ್ರಕ್ಕೆ ಸರಿದ. ಅದೇನಪ್ಪಾ ಅಂದ್ಲು ದ್ಯಾವಿ. ಗೊತ್ತಿಲ್ಲ ಅನ್ನೋದು ಹೆಂಗೆ? ಒಲೇಲಿದ್ದ ಕೊಳ್ಳಿ ಹಿಡ್ಕೊಂಡು ಎದ್ದ, ದ್ಯಾವಿ ಅವನ ಇನ್ನೊಂದು ಕೈ ಹಿಡ್ಕೊಂಡ್ಲು. ಹೋಗಿ ನೋಡಿದ್ರೆ ಮುಳ್ಳುಹಂದಿ, ಮೈಮುಳ್ಳು ಅಲ್ಲಾಡಿಸ್ಕೊಂಡು ತನ್ನ ಪಾಡಿಗೆ ಗೆಣಸು ಕೆದಕ್ತಿತ್ತಂತೆ.

ಆಮೇಲೆ ಗಾಳಿ ಬಂತು. ಎಂಥ ಗಾಳಿ ಅಂದ್ರೆ ಗುಡಾರಾನ ಕಿತ್ತು ದೊಣೆಗೆ ಎಸೀತಂತೆ. ಕರೀ ನೀರಿನ ಮೇಲೆ ಅದು ಉಬ್ಬಿ ಉಬ್ಬಿ, ಯಾವುದೋ ಪ್ರಾಣಿ ಬೆನ್ನಿನ ಹಂಗೆ ಕಾಣ್ತಿತ್ತು. ಮಗಳು ಚಳೀಲಿ ನಡುಗ್ತಿದ್ಲು. ಮಾಚಣ್ಣ ಅವಳಿಗೆ ತನ್ನ ಕಂಬಳಿ ಸುತ್ತಿ, ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ಎದೆಮಟ್ಟ ನೀರಿಗಿಳಿದು ಜಮಖಾನಾನ ದಡಕ್ಕೆ ಎಳ್ಕೊಂಡು ಬಂದ. ಸದ್ಯ ಇಷ್ಟಕ್ಕೆ ಮುಗೀತು ಅಂದ್ಕೊಂಡ. ಎಲ್ಲಿ ಮುಗೀತು?

ಇನ್ನೂ ನೀರು ಸೋರ್ತಿದ್ದ ಜಮಖಾನ ಕೈಲೇ ಇದೆ, ಅಷ್ಟರಲ್ಲಿ ಕತ್ತೆ ಕಿವಿ ನೆಟ್ಟಗೆ ಮಾಡಿ ಹಗ್ಗ ಜಗ್ಗೋಕೆ ಶುರು ಮಾಡ್ತು. ನೋಡಿದ್ರೆ ಎದುರು ಬಂಡೆ ಮೇಲೆ ಎರಡು ಕಣ್ಣು. ಚಿರತೆ. ಮಾಚಣ್ಣ ನಿಂತಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ದ್ಯಾವಿ ಕಂಬಳಿ ಬಿಸಾಕಿ, ನಮ್ಮ ಕತ್ತೇನ ಬಿಡಲ್ಲ ಅಂತ ಓಡಿಹೋಗಿ ಕತ್ತೆ ಕುತ್ತಿಗೆ ತಬ್ಬಿಕೊಂಡುಬಿಟ್ಲಂತೆ!

ಆಗ ಮಾಚಣ್ಣನಿಗೆ ಎಲ್ಲಿತ್ತೋ ಆ ಶಕ್ತಿ. ಮಗಳ ಮುಂದಕ್ಕೆ ಹಾರಿ ನಿಂತು, ಆ ನೆನೆದ ಜಮಖಾನಾನ ತಲೆ ಮೇಲೆತ್ತಿ ಬಂಡೆಗೆ ಬಡಿದ, ಧಬ್! ಉಸ್ಸೋ ಅಂದ. ಮತ್ತೆ ಧಬ್! ಉಸ್ಸೋ! ದಿನಾ ಹೊಳೆದಂಡೇಲಿ ಒಗೆಯೋ ಹಂಗೇ ಒಗೆದ. ಬೆಟ್ಟಕ್ಕೆ ಬೆಟ್ಟವೇ ಧಬ್ ಧಬ್ ಅಂತು. ಹಿಂದಿನಿಂದ ದ್ಯಾವೀನೂ ಪುಟ್ಟ ಗಂಟಲಲ್ಲಿ ಉಸ್ಸೋ ಉಸ್ಸೋ ಅಂದ್ಲು. ಅಂಥ ಸದ್ದನ್ನ ಆ ಚಿರತೆ ಹುಟ್ಟಿದಾಗಿಂದ ಕೇಳಿರಲಿಲ್ಲ. ಒಂದು ಹೆಜ್ಜೆ ಹಿಂದೆ ಇಡ್ತು, ಇನ್ನೊಂದು ಇಡ್ತು, ಆಮೇಲೆ ಬಾಲ ಮಡಚಿ ಆ ಕಡೆ ಕಣಿವೆಗೆ ಇಳಿದೇಬಿಡ್ತಂತೆ. ಕೆಳಗೆ ಊರಲ್ಲಿ ಜನ, ಏನು ಮಾಚಣ್ಣ ಇಷ್ಟು ಬೇಗ ಒಗೆಯೋಕೆ ಶುರು ಮಾಡಿದ, ಬೆಳಗಾಯ್ತಾ ಅಂತ ಮಗ್ಗುಲು ಬದಲಾಯಿಸಿದ್ರಂತೆ. ಬೋರವ್ವ ಮಾತ್ರ ಎದ್ದು ಕೂತು, ಕೂಸಿಗೆ ಹಾಲು ಕುಡಿಸ್ತಾ, ಆ ಸದ್ದು ನಿಲ್ಲೋವರೆಗೂ ಕೇಳಿದ್ಲಂತೆ.

ಆಮೇಲೆ ಒಲೆಗೆ ಇನ್ನಷ್ಟು ಸೌದೆ ಹಾಕಿ ಇಬ್ರೂ ಒಂದೇ ಕಂಬಳಿ ಹೊದ್ದು ಕೂತ್ರು. ಮೇಲೆ ಆಕಾಶದ ತುಂಬ ಚುಕ್ಕಿ. ಅಷ್ಟು ವರ್ಷ ಆಗಿದ್ರೂ ಮಾಚಣ್ಣ ಅವನ್ನ ಕಣ್ತುಂಬ ನೋಡಿದ್ದು ಅವತ್ತೇ ಅಂತೆ. ಸ್ವಲ್ಪ ಹೊತ್ತಾದ ಮೇಲೆ ಮಗಳ ತಲೆ ಸವರ್ತಾ, ಕೂಸೇ, ನಂಗೆ ಕತ್ತಲೆ ಅಂದ್ರೆ ಭಯ ಕಣೇ, ನಿಂಗೊಬ್ಬಳಿಗೇ ಹೇಳ್ತಿದೀನಿ ಅಂದ.

ದ್ಯಾವಿ ಆಕಳಿಸಿದ್ಲು. "ನಂಗೊತ್ತು ಅಪ್ಪಾ. ಮುಳ್ಳುಹಂದಿ ಬಂದಾಗ ನಿನ್ನ ಕೈ ನಡುಗ್ತಿತ್ತು. ಅದಕ್ಕೇ ನಾನು ಬಿಡಲಿಲ್ಲ."

ಹಂಗಂದು ಅವನ ತೊಡೆ ಮೇಲೇ ನಿದ್ದೆ ಹೋದ್ಲಂತೆ. ಬೆಳಗಾಗೋವರೆಗೂ ಮಾಚಣ್ಣ ಕಾಲು ಅಲ್ಲಾಡಿಸಲಿಲ್ಲ. ಆಮೇಲೆ ಚೀಲ ಹೇರಿ ಇಳಿದು ಬಂದ್ರು, ಆ ವರ್ಷದ ಮದುವೆ ಬಟ್ಟೆಗಳೆಲ್ಲ ಮಲ್ಲಿಗೆ ಹಂಗೆ ಬೆಳ್ಳಗಾದ್ವು. ಕೂಸಿಗೆ ನಡೆಯೋಕೆ ಬಂದ ಮೇಲೆ ಬೋರವ್ವನೂ ಜೊತೆಗೆ ಹೊರಟ್ಲು, ವರ್ಷವರ್ಷ ಎಲ್ಲರೂ ಅದೇ ದೊಣೆ ಹತ್ರ ಬಿಡಾರ ಹೂಡಿ ಸುಖವಾಗಿದ್ರಂತೆ.

ಅಲ್ಲಿಗೆ ಅವರ ಕತೆ ಮುಗೀತು. ಹ್ಞೂಂ ಅನ್ನು ಕಂದಾ. ಓ, ಮಲಗೇಬಿಟ್ಯಾ.