ಹಾಲಿನ ಬಣ್ಣದ ಆಯಿಲ್

"ಗುರುಗಳೇ, ದಿನವೂ ಕ್ಷಮಿಸಿದರೂ ನನ್ನ ಸಿಟ್ಟು ಏಕೆ ಹೋಗುತ್ತಿಲ್ಲ?" ಎಂದು ಮೂಡಲಗಿರಿ ಕೇಳಿದ.

ಅವನು ಆಶ್ರಮ ಸೇರಿದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ತಾಯಿ ತೀರಿಕೊಂಡಾಗ ಅಣ್ಣ ಸಮಯಕ್ಕೆ ಹೇಳಿ ಕಳಿಸಿರಲಿಲ್ಲ. ಮೂಡಲಗಿರಿ ಊರು ಮುಟ್ಟುವಷ್ಟರಲ್ಲಿ ಚಿತೆ ಉರಿದು ಆರಿತ್ತು. ಈಗ ಅದೇ ಅಣ್ಣನ ಮಗಳಿಗೆ ಮದುವೆ ಗೊತ್ತಾಗಿದೆ. ಚಿಕ್ಕಪ್ಪ ಬಂದು ಅಕ್ಷತೆ ಹಾಕಲೇಬೇಕೆಂದು ಹುಡುಗಿ ಹಟ ಹಿಡಿದಿದ್ದಾಳೆ. ಹೋಗಬೇಕೆಂದು ಅವನಿಗೂ ಆಸೆ. ಆದರೆ ಅಣ್ಣನ ಮುಖ ಕಂಡೊಡನೆ ಚಪ್ಪರದ ಕೆಳಗೇ ಏನಾದರೂ ಅಂದುಬಿಟ್ಟೇನು, ಮಗುವಿನ ಮದುವೆ ಕೆಡಿಸಿಬಿಟ್ಟೇನು ಎಂಬ ಭಯ.

"ಹೇಗೆ ಕ್ಷಮಿಸುತ್ತೀಯ?" ಎಂದು ಗುರುಗಳು ಕೇಳಿದರು.

"ಬೆಳಿಗ್ಗೆ ಸ್ನಾನ ಮಾಡಿ ಕೂರುತ್ತೇನೆ. ಅಣ್ಣ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತೇನೆ. ಯಾವುದನ್ನೂ ಬಿಡುವುದಿಲ್ಲ. ಎಲ್ಲವನ್ನೂ ಕ್ಷಮಿಸಿದೆ ಎಂದು ಕೈಮುಗಿದು ಏಳುತ್ತೇನೆ. ಊಟದ ಹೊತ್ತಿಗೆ ಮತ್ತೆ ಹೊಟ್ಟೆಯೊಳಗೆ ಬೆಂಕಿ."

ಗುರುಗಳು ಹೊದ್ದ ವಸ್ತ್ರವನ್ನು ಸರಿಮಾಡಿಕೊಂಡು ಕತೆ ತೆಗೆದರು.

ಒಬ್ಬ ರೈತನಿದ್ದ. ಅವನ ಹತ್ತಿರ ಅಪ್ಪನ ಕಾಲದ ಒಂದು ಟ್ರ್ಯಾಕ್ಟರ್ ಇತ್ತು. ಹೊಸದು ಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, ಅಪ್ಪನನ್ನೇ ಬದಲಾಯಿಸು ಅಂದರೇನೋ ಎಂಬಂತೆ ಸಿಟ್ಟಾಗುತ್ತಿದ್ದ. ಶುಕ್ರವಾರ ಬಂದರೆ ಅದಕ್ಕೆ ಪೂಜೆ. ಮೈ ತೊಳೆದು, ಗೇರ್ ಹಿಡಿಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಚೊಂಬು ನೀರನ್ನು ಆ ಹಿಡಿಯ ನೆತ್ತಿಯ ಮೇಲೆ ಹೊಯ್ಯುತ್ತಿದ್ದ. ಅಪ್ಪನ ಅಂಗೈ ತಾಗಿ ತಾಗಿ ನುಣುಪಾದ ಜಾಗ ಅದು. ಊರಿನವರೆಲ್ಲ ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾಡುವುದನ್ನು ಇವನು ವಾರವಾರ ಮಾಡುತ್ತಿದ್ದ.

ಒಂದು ಸಲ ಗೇರ್ ಪೆಟ್ಟಿಗೆ ನರಳತೊಡಗಿತು. ರೈತ ಮೆಕ್ಯಾನಿಕ್‌ನನ್ನು ಕರೆಸಿದ. ಜೇನಿನ ಬಣ್ಣಕ್ಕಿರಬೇಕಾದ ಆಯಿಲ್ ಹಾಲು ಹೆಚ್ಚಾದ ಚಹಾದಂತಾಗಿತ್ತು. ಕೆಳಗಿನ ಬಿರಡೆ ಸಡಿಲಿಸಿದರೆ ಮೊದಲು ನೀರು ಸುರಿಯಿತು, ಅದರ ಹಿಂದೆ ಆ ಬಿಳಿಚಿದ ಆಯಿಲ್. ಮೆಕ್ಯಾನಿಕ್ ಎಲ್ಲವನ್ನೂ ಬಸಿದು, ಡೀಸೆಲ್ ಹಾಕಿ ಒಳಗೆಲ್ಲ ತೊಳೆದು, ಹೊಸ ಆಯಿಲ್ ತುಂಬಿದ.

"ನೀರು ಎಲ್ಲಿಂದಲೋ ಒಳೀಕೆ ಹೋಗ್ತಾ ಅದೆ ಗೌಡ್ರೇ," ಅಂದ. "ಎಲ್ಲಿಂದ ಅಂತ ನಂಗೂ ಗೊತ್ತಾಗ್ತಿಲ್ಲ. ಹಿಂಗೇ ಆದ್ರೆ ಗೇರ್ ಹಲ್ಲೆಲ್ಲ ತುಕ್ಕು ಹಿಡಿದು ಗುಜರಿಗೇ ಹೋಯ್ತದೆ."

ಗುಜರಿ ಎಂಬ ಮಾತು ರೈತನಿಗೆ ನಾಟಿತು. ಅಂದಿನಿಂದ ಅವನಿಗೆ ಒಂದೇ ಯೋಚನೆ: ಈ ನೀರು ಬರುವುದೆಲ್ಲಿಂದ? ರಾತ್ರಿಯ ಇಬ್ಬನಿ ಇರಬೇಕೆಂದು ಟಾರ್ಪಾಲು ಹೊದಿಸಿದ. ಆಯಿಲ್ ಮತ್ತೆ ಬೆಳ್ಳಗಾಯಿತು. ಅಂಗಡಿಯವನೇ ಕಲಬೆರಕೆ ಮಾಡುತ್ತಾನೆಂದು ಅಂಗಡಿ ಬದಲಾಯಿಸಿದ. ಮತ್ತೆ ಬೆಳ್ಳಗಾಯಿತು. ಯಾರದೋ ಕಣ್ಣು ಬಿದ್ದಿದೆಯೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಆಯಿಲ್‌ಗೆ ಅದೂ ಲೆಕ್ಕಕ್ಕೆ ಬರಲಿಲ್ಲ. ಕೆಸರು ಗದ್ದೆಯ ಮೇಲೆ ಗುಮಾನಿಪಟ್ಟ, ಆದರೆ ಗದ್ದೆಗೆ ಇಳಿಸದಿದ್ದರೆ ಟ್ರ್ಯಾಕ್ಟರ್ ಇದ್ದೂ ಏನು? ಸಂಕಟ ಬಂದಾಗ ವೆಂಕಟರಮಣ ಎಂಬಂತೆ ಪೂಜೆ ಮಾತ್ರ ಬೆಳೆಯುತ್ತಾ ಹೋಯಿತು. ಶುಕ್ರವಾರದ ಜೊತೆಗೆ ಸೋಮವಾರ ಸೇರಿತು. ಚೊಂಬು ಹೋಗಿ ಬಿಂದಿಗೆ ಬಂತು.

"ಹಸು ಮೈ ತೊಳೆದಂಗೆ ತೊಳೆದಿದ್ದೇ ತೊಳೆದಿದ್ದು, ಈಗ ನೋಡಿ, ಹಾಲು ಕೊಡ್ತಾ ಅದೆ," ಎಂದು ಹೆಂಡತಿ ನಕ್ಕಳು.

"ನಿಂಗೆ ಎಲ್ಲದ್ರಲ್ಲೂ ತಮಾಸೆ," ಎಂದು ಗದರಿ ರೈತ ಬಿಂದಿಗೆ ಎತ್ತಿಕೊಂಡ. ಅವಳ ಮಾತನ್ನು ಅವನು ಆಮೇಲೂ ಯೋಚಿಸಲಿಲ್ಲ. ಅವಳೂ ಯೋಚಿಸಿ ಆಡಿದ ಮಾತಲ್ಲ ಅದು.

ನಾಟಿಯ ಕಾಲ ಬಂತು. ಮೆಕ್ಯಾನಿಕ್ ಆಯಿಲ್ ಬದಲಾಯಿಸಿ, ಇನ್ನೊಮ್ಮೆ ಹೀಗಾದರೆ ನನ್ನನ್ನು ಕರೆಯಬೇಡಿ, ಗುಜರಿಯವನನ್ನು ಕರೆಯಿರಿ ಎಂದು ಹೇಳಿ ಹೋದ. ಮರುದಿನವೇ ರೈತನ ದೊಡ್ಡಪ್ಪನ ಮಗ ತೀರಿಕೊಂಡ. ಮನೆಗೆ ಸೂತಕ. ದೇವರ ಮುಂದೆ ದೀಪವಿಲ್ಲ, ಅಂದಮೇಲೆ ಟ್ರ್ಯಾಕ್ಟರ್‌ಗೂ ಪೂಜೆಯಿಲ್ಲ. ಆದರೆ ಕಾಲುವೆಗೆ ನೀರು ಬಿಟ್ಟಾಗಿತ್ತು, ಗದ್ದೆಗೆ ಸೂತಕವಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ರೈತ ಅದೇ ಟ್ರ್ಯಾಕ್ಟರ್‌ನಲ್ಲಿ ಅದೇ ಕೆಸರು ಉತ್ತ. ಅವಸರದಲ್ಲಿ ಟಾರ್ಪಾಲು ಹೊದಿಸುವುದೂ ಮರೆಯಿತು. ಇಬ್ಬನಿ ಬೀಳುತ್ತಿತ್ತು, ಅಂಗಡಿ ಅದೇ, ಆಯಿಲ್ ಅದೇ.

ಸೂತಕ ಕಳೆದ ಬೆಳಿಗ್ಗೆ ಅವನು ಅಳುಕುತ್ತಲೇ ಆಯಿಲ್ ನೋಡುವ ಕಡ್ಡಿ ಎಳೆದ. ಜೇನಿನ ಬಣ್ಣ. ಒರೆಸಿ ಮತ್ತೆ ಅದ್ದಿ ಎಳೆದ. ಜೇನಿನ ಬಣ್ಣವೇ.

ಅವನಿಗೆ ಮೊದಲು ಖುಷಿಯಾಯಿತು, ಬೆನ್ನಿಗೇ ಹೆದರಿಕೆಯಾಯಿತು. ಪೂಜೆ ಮಾಡಿದಾಗ ಮುನಿದ ದೇವರು ಮಾಡದಿದ್ದಾಗ ಒಲಿಯಿತೇ? ಎಲ್ಲವೂ ಎಂದಿನಂತೆಯೇ ನಡೆದಿದೆ, ನಡೆಯದೆ ಉಳಿದದ್ದು ಯಾವುದು? ಪೂಜೆಗೆಂದು ತಂದ ಬಿಂದಿಗೆ ಪಕ್ಕದಲ್ಲಿತ್ತು. ಅವನು ಅದನ್ನು ನೋಡಿದ, ಗೇರ್ ಹಿಡಿಯನ್ನು ನೋಡಿದ. ಹಿಡಿಯ ಬುಡಕ್ಕೆ ಬೆರಳು ಇಳಿಸಿದ. ವರ್ಷಗಳ ಅರಿಸಿನ ಕುಂಕುಮ ಅಲ್ಲಿ ಗಟ್ಟಿ ಹಕ್ಕಳೆಯಾಗಿ ಕೂತಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದ. ಅಡಿಯಲ್ಲಿದ್ದ ರಬ್ಬರ್ ಮುಚ್ಚಳ ಹರಿದಿತ್ತು. ಬೆರಳು ನೆಟ್ಟಗೆ ಪೆಟ್ಟಿಗೆಯ ಒಳಗೇ ಹೋಯಿತು.

ಹರಕು ಸಣ್ಣದು. ಇಬ್ಬನಿ ಅಷ್ಟು ತುಂಬಲಾರದು, ಕೆಸರು ಅಷ್ಟು ಎತ್ತರಕ್ಕೆ ಏರಲಾರದು. ಅಲ್ಲಿಗೆ ನೀರು ಬೀಳಬೇಕಾದರೆ ಯಾರಾದರೂ ಮೇಲಿನಿಂದ ಹೊಯ್ಯಬೇಕು. ರೈತ ತನ್ನ ಕೈಯನ್ನೇ ನೋಡಿಕೊಂಡ. ಅವನಿಗೆ ನಾಚಿಕೆಯಾಯಿತು, ನಗುವೂ ಬಂತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮೂಡಲಗಿರಿಯ ಮುಖ ಅರಳಿತು. ಬಹಳ ದಿನಗಳ ಮೇಲೆ ಅವನಿಗೆ ದಾರಿ ಕಂಡಂತಾಗಿತ್ತು. "ತಿಳಿಯಿತು ಗುರುಗಳೇ. ನನ್ನೊಳಗೂ ಎಲ್ಲೋ ಒಂದು ಹರಕಿದೆ. ನಾಳೆ ಬೆಳಿಗ್ಗೆ ಇನ್ನಷ್ಟು ಬೇಗ ಎದ್ದು ಕೂರುತ್ತೇನೆ. ಅಣ್ಣ ಮಾಡಿದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ನೆನೆದು, ಆ ಹರಕು ಎಲ್ಲಿದೆಯೆಂದು ಹುಡುಕಿ, ಆಮೇಲೆ ಕ್ಷಮಿಸುತ್ತೇನೆ."

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ನಾಳೆ ಅಣ್ಣನನ್ನು ಕ್ಷಮಿಸಲು ಕೂರಬೇಡ, ಮದುವೆಗೆ ಹೋಗು."