ಹಿಡಿ ರಾಗಿ, ಹೊರೆಗಲ್ಲು

“ಬುದ್ಧಿ, ಕಣ್ಣಿಗೆ ಕಾಣದ ಫಲಕ್ಕೆ ಎಷ್ಟು ಕಾಲ ಅಂತ ಕೊಡೋದು?” ಎಂದು ದೇವೀರಮ್ಮ ಗುರುಗಳನ್ನು ಕೇಳಿದಳು.

ದೇವೀರಮ್ಮ ಮಠದ ಹಳೆಯ ಶಿಷ್ಯೆ. ಅವಳ ಊರಿನ ಹೆಂಗಸರು ಒಟ್ಟಾಗಿ ಪೇಟೆಯಲ್ಲಿ ಒಂದು ಮನೆ ಹಿಡಿದು, ಊರಿನ ಬಡ ಹೆಣ್ಣುಮಕ್ಕಳನ್ನು ಅಲ್ಲಿಟ್ಟು ಓದಿಸುತ್ತಿದ್ದರು. ಮನೆಮನೆಯಿಂದ ದವಸ ಕೂಡಿಸಿ ಅಲ್ಲಿಗೆ ಕಳಿಸುವುದು ಅವಳ ಪಾಲಿಗೆ ಬಂದ ಕೆಲಸ. ವರ್ಷಗಳು ಕಳೆದಿದ್ದವು. ಓದು ಮುಗಿಸಿ ಬಂದು ಊರಿನ ಮುಂದೆ ನಿಂತ ಹುಡುಗಿ ಇನ್ನೂ ಒಬ್ಬಳೂ ಇರಲಿಲ್ಲ. ಇದು ಸಾಕು, ಮದುವೆ ಕಾರ್ಯಗಳಿಗೆ ಆಗುವ ದೊಡ್ಡ ಪಾತ್ರೆಗಳನ್ನಾದರೂ ಕೊಳ್ಳೋಣ, ಕೊಟ್ಟಿದ್ದಕ್ಕೆ ಏನಾದರೂ ಕಣ್ಣೆದುರು ಇರುತ್ತದೆ ಎಂದು ಹೆಂಗಸರು ಈಗ ಹಟ ಹಿಡಿದಿದ್ದರು. ಹೌದೆನ್ನಲೂ ಇಲ್ಲವೆನ್ನಲೂ ದೇವೀರಮ್ಮನಿಗೆ ಬಾಯಿ ಬಂದಿರಲಿಲ್ಲ.

ಗುರುಗಳು ಅವಳಿಗೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಗಂಡ ತೀರಿಕೊಂಡ ಮೇಲೆ ತಾನೇ ಮಣ್ಣು ತುಳಿದು, ಮಡಕೆ ತಟ್ಟಿ, ಸಂತೆಗೆ ಹೊತ್ತು ಮಾರಿ ಅವರನ್ನು ಸಾಕಿದಳು. ಮಕ್ಕಳೆಂದರೆ ಅವಳಿಗೆ ಜೀವ. ಮಕ್ಕಳ ಮೇಲೆ ಜೀವ ಇಟ್ಟುಕೊಂಡವರಿಗೆಲ್ಲ ಇರುವ ಹೆದರಿಕೆ ಅವಳಿಗೂ ಇತ್ತು.

ಹೆದರುವುದಕ್ಕೆ ಕಾರಣವೂ ಇತ್ತು. ಆ ಊರಿನ ಸೂಲಗಿತ್ತಿ ಸತ್ತು ಬಹಳ ಕಾಲವಾಗಿತ್ತು. ಅವಳ ಹಿಂದೆ ಆ ಕೆಲಸ ಕಲಿತವರು ಯಾರೂ ಇರಲಿಲ್ಲ. ಇನ್ನೊಬ್ಬ ಸೂಲಗಿತ್ತಿ ಇದ್ದದ್ದು ದೂರದ ಪೇಟೆಯಲ್ಲಿ. ಗಾಡಿ ಕಟ್ಟಿಕೊಂಡು ಹೋಗಿ ಅವಳನ್ನು ಕರೆತರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತಿತ್ತು. ಹೆರಿಗೆಗೆಂದು ತವರಿಗೆ ಬಂದ ಹುಡುಗಿಯರು ತವರಿನ ಮಣ್ಣಿಗೇ ಹೋಗುತ್ತಿದ್ದರು. ಊರಿನ ಗಂಡಸರು ಇದನ್ನು ಹಣೆಬರಹ ಎಂದರು. ಹೆರುವವರು ತಾವಲ್ಲವಲ್ಲ, ಅವರಿಗೆ ಹಾಗೆ ಅನ್ನುವುದು ಸುಲಭವಾಗಿತ್ತು.

ಹೆಂಗಸರು ಹಾಗೆ ಅನ್ನಲಿಲ್ಲ. ಒಂದು ದಿನ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ಅವರೊಳಗೆ ಮಾತು ಬಂತು. ನಮ್ಮ ಊರಿನ ಹುಡುಗಿಯೊಬ್ಬಳನ್ನೇ ಪೇಟೆಯ ಸೂಲಗಿತ್ತಿಯ ಬಳಿ ಬಿಟ್ಟು ಕಲಿಸೋಣ ಎಂದಾಯಿತು. ಯಾರ ಮಗಳನ್ನು ಕಳಿಸುವುದು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಕುರುಬರ ತಬ್ಬಲಿ ಹುಡುಗಿಯೊಬ್ಬಳು, ನಾನು ಹೋಗುತ್ತೇನೆ ಎಂದಳು. ಅವಳ ತಾಯಿ ಸತ್ತದ್ದು ಅವಳನ್ನು ಹೆತ್ತೇ.

ಪೇಟೆಯ ಸೂಲಗಿತ್ತಿ ವಯಸ್ಸಾದವಳು, ಖಂಡಿತವಾದಿ. “ಅವಸರದ ವಿದ್ಯೆ ನನ್ನತ್ರ ಇಲ್ಲ. ಇವಳ ಕೈ ಪಳಗೋವರ್ಗೂ ನಾನು ಕಳ್ಸೋದಿಲ್ಲ. ಅಲ್ಲೀಗಂಟ ಇವಳ ಹೊಟ್ಟೆ, ನನ್ನ ಹೊಟ್ಟೆ ಎರಡೂ ನಿಮ್ಮ ಜವಾಬ್ದಾರಿ” ಎಂದಳು. ಹೆಂಗಸರು ಒಪ್ಪಿಕೊಂಡರು.

ಅವರು ಮಾಡಿಕೊಂಡ ಏರ್ಪಾಡು ಹೀಗಿತ್ತು. ಬೆಳಗ್ಗೆ ರಾಗಿ ಬೀಸಲು ಕೂತಾಗ, ಬೀಸುಕಲ್ಲಿನ ಬಾಯಿಗೆ ಕಾಳು ಹಾಕುವ ಮೊದಲು ಒಂದು ಹಿಡಿ ತೆಗೆದು ಬೇರೆ ಇಡಬೇಕು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕುಂಬಾರಗಿತ್ತಿಯ ಜಗಲಿಯ ಗುಡಾಣಕ್ಕೆ ಸುರಿಯಬೇಕು. ಆ ಗುಡಾಣವನ್ನು ಅವಳೇ ತಟ್ಟಿ ಸುಟ್ಟು ಕೊಟ್ಟಿದ್ದಳು. ಅದರ ಬಾಯಿಗೆ ಒಂದು ಬಟ್ಟೆ ಮುಚ್ಚಿತ್ತು. ಬಟ್ಟೆಯ ಅಡಿಯಲ್ಲಿ ಕೈಯಿಟ್ಟು ಸುರಿಯಬೇಕು, ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರು ನೋಡುವ ಹಾಗಿರಲಿಲ್ಲ. ಗೌಡರ ಸೊಸೆಯ ಹಿಡಿಯೂ ಕೂಲಿಯವಳ ಹಿಡಿಯೂ ಒಳಗೆ ಹೋದ ಮೇಲೆ ಒಂದೇ. ಸುಗ್ಗಿಯಲ್ಲಿ ಒಮ್ಮೆ, ಮಳೆಗಾಲದ ಮೊದಲು ಒಮ್ಮೆ ರಾಗಿ ಗಾಡಿ ಏರಿ ಪೇಟೆಗೆ ಹೋಗುತ್ತಿತ್ತು. ಜಗಲಿಯ ಮುಂದೆ ಹಾದುಹೋಗುವ ಗಂಡಸರು, “ಏನವ್ವಾ, ಇಲಿ ಸಾಕ್ತಾ ಇದ್ದೀರಾ?” ಎಂದು ನಗೆಯಾಡುತ್ತಿದ್ದರು. ಕುಂಬಾರಗಿತ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮೊದಲ ವರ್ಷ ಎಲ್ಲರಿಗೂ ಹುರುಪು. ಎರಡನೆಯ ವರ್ಷ ಹುಡುಗಿ ಯುಗಾದಿಗೆ ಊರಿಗೆ ಬಂದಾಗ ಎಲ್ಲರೂ ಮುತ್ತಿಕೊಂಡು ಅವಳ ಕೈ ಹಿಡಿದು ನೋಡಿದರು. ಅದೂ ಎಲ್ಲರ ಕೈಯ ಹಾಗೆಯೇ ಇತ್ತು. ಏನು ಕಲಿತೆ ಎಂದರೆ, ಉಗುರು ಕತ್ತರಿಸಿಕೊಂಡು ಬಿಸಿನೀರಿನಲ್ಲಿ ಕೈ ತೊಳೆಯುವುದು, ನೋವು ತಿನ್ನುವವಳ ಹತ್ತಿರ ಗಾಬರಿಯಾಗದೆ ಕೂರುವುದು, ಹೊಟ್ಟೆ ಮುಟ್ಟಿ ನೋಡುವುದು ಎಂದಳು. ಹೆಂಗಸರು ಬಾಯ ಮೇಲೆ ಸೆರಗಿಟ್ಟುಕೊಂಡು ನಕ್ಕರು. ಒಂದು ಗಾಡಿ ರಾಗಿ ತಿಂದು ಉಗುರು ಕತ್ತರಿಸುವುದು ಕಲಿತಳಂತೆ ಎಂದು ಬಹಳ ದಿನ ಆಡಿಕೊಂಡರು. ನಕ್ಕರೂ ಮಾರನೆಯ ಬೆಳಗ್ಗೆ ಹಿಡಿ ಎತ್ತಿಡುವುದನ್ನು ಯಾರೂ ಬಿಡಲಿಲ್ಲ. ಕಾಣದ್ದಕ್ಕೆ ಕೊಡುವುದು ಎಷ್ಟು ಕಷ್ಟ ಎಂಬುದು ಕೊಟ್ಟವರಿಗೇ ಗೊತ್ತು. ಆ ಹೆಂಗಸರ ಬಗ್ಗೆ ನನಗೆ ಗೌರವವಿದೆ.

ಹಾಗೆ ನಡೆಯುತ್ತಿದ್ದಾಗ ಕುಂಬಾರಗಿತ್ತಿಯ ದೊಡ್ಡ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೇನೆ ಶುರುವಾದೊಡನೆ ಗಾಡಿ ಪೇಟೆಗೆ ಹೋಯಿತು. ಗಾಡಿ ತಿರುಗಿ ಬರುವ ಹೊತ್ತಿಗೆ ಮಗಳು ತಣ್ಣಗಾಗಿದ್ದಳು. ಮಗು ಹೊಟ್ಟೆಯೊಳಗೇ ಉಳಿಯಿತು.

ಬಸುರಿಯಾಗಿಯೇ ಸತ್ತವಳ ಬಗ್ಗೆ ಆ ಸೀಮೆಯಲ್ಲಿ ಒಂದು ನಂಬಿಕೆ ಇದೆ. ಅವಳು ಹೊರೆ ಇಳಿಸದೆ ಹೋದವಳು. ಹೋಗಬೇಕಾದ ಕಡೆ ಹೋಗಲಾರದೆ, ಹೊತ್ತದ್ದನ್ನು ಹೊತ್ತುಕೊಂಡೇ ದಾರಿಯಲ್ಲಿ ನಿಂತಿರುತ್ತಾಳೆ. ಅದಕ್ಕೆ ಅವಳ ಹೆಸರಿನಲ್ಲಿ ದಾರಿಯ ಬದಿಗೆ ಹೊರೆಗಲ್ಲು ನಿಲ್ಲಿಸುತ್ತಾರೆ. ಎರಡು ಕಂಬ, ಅವುಗಳ ಮೇಲೆ ತಲೆಯೆತ್ತರಕ್ಕೆ ಒಂದು ಚಪ್ಪಡಿ. ಸೌದೆ ಹೊತ್ತವರು, ಸಂತೆಗೆ ಹೋಗುವವರು ಇನ್ನೊಬ್ಬರ ಕೈ ಕಾಯದೆ ತಲೆಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳುತ್ತಾರೆ. ಒಬ್ಬೊಬ್ಬರು ಹೊರೆ ಇಳಿಸಿದಾಗಲೂ ಸತ್ತವಳ ಹೊರೆ ಅಷ್ಟಷ್ಟು ಹಗುರವಾಗುತ್ತದಂತೆ.

ಕುಂಬಾರಗಿತ್ತಿ ಅನ್ನ ನೀರು ಬಿಟ್ಟಳು. ಕಣ್ಣು ಮುಚ್ಚಿದರೆ ಮಗಳು ದಾರಿಯಲ್ಲಿ ನಿಂತು, ಅವ್ವಾ ಒಂದು ಕೈ ಹಿಡಿ ಎಂದು ಕೇಳಿದಂತಾಗುತ್ತಿತ್ತು. ತಲೆಯ ಮೇಲೆ ಮಡಕೆ ಹೊತ್ತು ಸಂತೆಗೆ ನಡೆದವಳು ಅವಳು. ಹೊರೆ ಇಳಿಸಲು ಜಾಗವಿಲ್ಲದೆ ಕತ್ತು ಸೆಟೆದುಕೊಂಡು ನಿಲ್ಲುವುದು ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲ್ಲು ನಿಲ್ಲಿಸಬೇಕೆಂದರೆ ಬಂಡೆ ಸೀಳುವವರಿಗೆ, ಎಳೆದು ತರುವವರಿಗೆ, ನೆಲೆಗೊಳಿಸುವವರಿಗೆ ದವಸ ಅಳೆದು ಕೊಡಬೇಕು. ಅವಳ ಮನೆಯಲ್ಲಿ ಇದ್ದದ್ದು ಮಡಕೆಗಳು ಮಾತ್ರ. ದವಸ ಇದ್ದದ್ದು ಜಗಲಿಯ ಗುಡಾಣದಲ್ಲಿ.

ಅವಳು ಹೆಂಗಸರನ್ನು ಜಗಲಿಗೆ ಕರೆದು ಸೆರಗೊಡ್ಡಿದಳು. “ನನ್ನ ಮಗಳು ದಾರೀಲಿ ನಿಂತವ್ಳೆ ಕಣ್ರವ್ವಾ. ಅವಳ ಹೊರೆ ಇಳಿಸಿಕೊಡಿ.”

ಹೆಂಗಸರೆಲ್ಲ ಅತ್ತುಬಿಟ್ಟರು. ಬೇಡ ಎಂದವಳು ಗಾಣಿಗರ ಮುದುಕಿ ಒಬ್ಬಳೇ. “ಗುಡಾಣ ಬರಿದಾದ್ರೆ ಪ್ಯಾಟೇಲಿರೋ ಹುಡುಗಿ ವಾಪಸ್ ಬರ್ಬೇಕಾಯ್ತದೆ. ಕಲ್ತಿದ್ದು ಅರ್ಧಕ್ಕೇ ನಿಂತೋಯ್ತದೆ. ಒಸಿ ತಡ್ಕೊಳವ್ವ, ಕಲ್ಲು ಆಮ್ಯಾಕೂ ನಿಲ್ಲಿಸ್ಬೋದು” ಎಂದಳು.

ಕುಂಬಾರಗಿತ್ತಿ ತಲೆಯೆತ್ತಿ, “ನಿನ್ನ ಮಗಳಾಗಿದ್ರೆ ತಡ್ಕೊ ಅಂತಿದ್ಯಾ?” ಎಂದು ಕೇಳಿದಳು.

ಗಾಣಿಗರ ಮುದುಕಿಗೆ ಮಕ್ಕಳಿರಲಿಲ್ಲ. ಅವಳು ಆ ಮಾತನ್ನು ನುಂಗಿಕೊಂಡು ಎದ್ದು ಹೋದಳು. ಅವಳ ಹಿಂದೆ ಇನ್ಯಾರೂ ಬಾಯಿ ಬಿಡಲಿಲ್ಲ. ಹೆತ್ತವಳ ಅಳುವಿನ ಮುಂದೆ ಯಾರು ತಾನೇ ಲೆಕ್ಕಾಚಾರದ ಮಾತಾಡಲು ಮುಂದೆ ಬರುತ್ತಾರೆ? ಬಂದರೆ ಕಟುಕರು ಎನ್ನಿಸಿಕೊಳ್ಳಬೇಕು.

ಕಲ್ಲು ನಿಂತಿತು. ಆ ಕಲ್ಲನ್ನು ನಾನು ಹಳಿಯುವುದಿಲ್ಲ. ದಣಿದು ಬಂದವರು ಅಲ್ಲಿ ಹೊರೆ ಇಳಿಸಿ, ಸುಖವಾಗಿರು ತಾಯಿ ಎಂದು ಕೈಮುಗಿದು ಹೋಗುತ್ತಿದ್ದರು. ಕುಂಬಾರಗಿತ್ತಿ ಪಕ್ಕದಲ್ಲಿ ಒಂದು ನೀರಿನ ಮಡಕೆ ಇಟ್ಟಳು. ದಿನವೂ ಹೋಗಿ ತುಂಬಿಸಿ ಬರುತ್ತಿದ್ದಳು. ಅವಳಿಗೆ ಮತ್ತೆ ನಿದ್ದೆ ಬರತೊಡಗಿತು. ಊರಿನ ಗಂಡಸರು ಕೂಡ, ಹೆಂಗಸರು ಕೂಡಿದರೆ ಇಂಥದ್ದು ಮಾಡಬಹುದಲ್ಲ ಎಂದು ಮೊದಲ ಸಲ ಹೊಗಳಿದರು. ಹೊಗಳಿಕೆ ಎಲ್ಲರಿಗೂ ಹಿತವಾಯಿತು. ಗುಡಾಣಕ್ಕೆ ಮತ್ತೆ ಕಾಳು ಹಾಕುವ ಮಾತು ಬರಲಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬಳು ಒಂದು ಬೆಳಗ್ಗೆ ಮರೆತಳು, ಅದನ್ನು ಕಂಡು ಇನ್ನೊಬ್ಬಳು ಬಿಟ್ಟಳು. ಕೊನೆಗೆ ಕುಂಬಾರಗಿತ್ತಿ ಗುಡಾಣವನ್ನು ತೊಳೆದು ಹಿತ್ತಲಿನಲ್ಲಿ ಕವುಚಿ ಹಾಕಿದಳು.

ಕಳಿಸುವ ರಾಗಿ ನಿಂತ ಮೇಲೆ ಹುಡುಗಿ ಊರಿಗೆ ಬಂದಳು. ಗಾಡಿಯವನ ಕೈಯಲ್ಲಿ ಸೂಲಗಿತ್ತಿ ಒಂದು ಮಾತು ಹೇಳಿ ಕಳಿಸಿದ್ದಳು. ಇವಳ ವಿದ್ಯೆ ಅರ್ಧದಲ್ಲಿದೆ, ನಾನು ಕಳಿಸಿದ್ದಲ್ಲ, ನೀವು ಕರೆಸಿಕೊಂಡದ್ದು ಎಂದು. ಪೇಟೆಯ ಮುದುಕಿಗೆ ಕೊಂಕು ಜಾಸ್ತಿ ಎಂದುಕೊಂಡು ಹೆಂಗಸರು ಅದನ್ನು ಅಲ್ಲಿಗೇ ಬಿಟ್ಟರು. ಹುಡುಗಿ ಬಂದದ್ದೇ ಅವರಿಗೆ ದೊಡ್ಡ ಸಂತೋಷ. ಅವಳು ಬಂದ ಮೇಲೆ ಆದ ಹೆರಿಗೆಗಳೆಲ್ಲ ಹೂವೆತ್ತಿದಷ್ಟು ಸಲೀಸಾಗಿ ಆದವು. ತೊಟ್ಟಿಲುಗಳು ತೂಗಿದವು. ಅವಳಿಗೆ ಬಾಗಿನ ಕೊಟ್ಟರು, ಸೀರೆ ಉಡಿಸಿದರು. ಕಲ್ಲೂ ಆಯಿತು, ಸೂಲಗಿತ್ತಿಯೂ ಬಂದಳು, ಎರಡೂ ದಕ್ಕಿತು ಎಂದು ಕುಂಬಾರಗಿತ್ತಿ ಎಷ್ಟೋ ಸಲ ಅಂದುಕೊಂಡಳು. ಗಾಣಿಗರ ಮುದುಕಿ ಎದುರಾದರೆ ತಲೆಯೆತ್ತಿಕೊಂಡೇ ನಡೆದಳು.

ಆಮೇಲೆ ಅವಳ ಚಿಕ್ಕ ಮಗಳು ಬಸುರಿಯಾಗಿ ತವರಿಗೆ ಬಂದಳು. ಈ ಸಲ ಕುಂಬಾರಗಿತ್ತಿಗೆ ಹೆದರಿಕೆ ಇರಲಿಲ್ಲ. ತಾನೇ ಕೈಯಾರೆ ಮಣ್ಣು ಕಲಸಿ ಬಾಣಂತಿ ಕೋಣೆಗೆ ಒಲೆ ಹಾಕಿದಳು. ಕೂಸಿನ ಎಣ್ಣೆನೀರಿಗೆ ಹರವಿಯನ್ನೂ ತಟ್ಟಿ ಇಟ್ಟಳು. ಒಂದು ಬೆಳಗ್ಗೆ ಬೇನೆ ಶುರುವಾಯಿತು. ಕುರುಬರ ಹುಡುಗಿ ಬಂದು, ಕೈ ತೊಳೆದುಕೊಂಡು ಒಳಗೆ ಹೋದಳು. ಕುಂಬಾರಗಿತ್ತಿ ಬಾಗಿಲ ಬಳಿ ಕೂತು, ಕೂಸಿಗೆ ಯಾರ ಹೆಸರಿಡುವುದೆಂದು ನೆರೆಯವಳೊಡನೆ ಮಾತಾಡುತ್ತಿದ್ದಳು. ದೊಡ್ಡವಳ ಹೆಸರೇ ಇಡುವುದೆಂದು ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಹೊರಗೆ ಬಂದು ಹೊಸಿಲ ಮೇಲೆ ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ಅವ್ವಾ, ಕೂಸು ಅಡ್ಡ ಮಲಗ್ಯದೆ. ಅದನ್ನ ಒಳಗೇ ತಿರುಗಿಸ್ಬೇಕು. ನಂಗದು ಬರಾಕಿಲ್ಲ.”

“ಯಾಕೆ ಬರಾಕಿಲ್ಲ? ಇಷ್ಟು ಜನಕ್ಕೆ ಹೆರಿಗೆ ಮಾಡ್ಸಿಲ್ವಾ ನೀನು?”

“ಅವೆಲ್ಲ ನೆಟ್ಟಗಿದ್ದ ಕೂಸು. ಅಡ್ಡ ಬಿದ್ದದ್ದನ್ನ ತಿರುಗಿಸೋದನ್ನ ಕೊನೇಗೆ ಕಲಿಸ್ತೀನಿ ಅಂದಿದ್ಲು ಪ್ಯಾಟೆ ಮುದುಕವ್ವ. ಮುಂದಿನ ಸುಗ್ಗಿ ಕಳೀಲಿ ಅಂದಿದ್ಲು. ಅಷ್ಟರಲ್ಲಿ ನೀವು ಕರೆಸ್ಕೊಂಡ್ರಿ.”

ಕುಂಬಾರಗಿತ್ತಿ ಗಾಡಿಗೆಂದು ಬೀದಿಗೆ ಓಡಿದಳು. ಮತ್ತೆ ಗಾಡಿ ಕಟ್ಟಿದರು. ಗಾಣಿಗರ ಮುದುಕಿ ತನ್ನ ಗಾಣದ ಎತ್ತುಗಳನ್ನೇ ಬಿಚ್ಚಿ ಕೊಟ್ಟಳು. ಗಾಡಿ ಊರ ಹೊರಗೆ, ಆ ಹೊರೆಗಲ್ಲಿನ ಪಕ್ಕದ ದಾರಿಯಲ್ಲಿ ಹೋಯಿತು. ಅದು ಪೇಟೆ ಮುಟ್ಟುವ ಮೊದಲೇ ಒಳಗಿನ ನರಳಾಟ ನಿಂತಿತು. ಕುರುಬರ ಹುಡುಗಿ ಸತ್ತವಳ ಕಾಲ ಬಳಿ ಕೂತು, ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಕುಂಬಾರಗಿತ್ತಿ ಅವಳನ್ನು ಬೈಯಲಿಲ್ಲ. ಬೈಯುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ದೇವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟಾದ ಮೇಲಾದರೂ ಆ ಊರಿಗೆ ಬುದ್ಧಿ ಬಂದಿರಬೇಕೆಂದು ಅವಳ ಮನಸ್ಸು ಹಾರೈಸುತ್ತಿತ್ತು.

“ಆಮೇಲಾದ್ರೂ ಆ ಹೆಂಗಸರು ಮತ್ತೆ ಹಿಡಿ ರಾಗಿ ಎತ್ತಿಡೋಕೆ ಶುರು ಮಾಡಿದ್ರಾ, ಬುದ್ಧಿ?”

“ಮಾರನೆಯ ಬೆಳಗ್ಗೆಯೇ ಶುರು ಮಾಡಿದರು ತಾಯಿ, ಎರಡನೆಯ ಕಲ್ಲಿಗೆ.”