ಮೌಸಿಗೆ ಕೊಟ್ಟ ಹೆಬ್ಬೆಟ್ಟು

ಒಂದು ತಾಲ್ಲೂಕು ಊರಿನಲ್ಲಿ ಲೋಹಿತ್ ಎಂಬ ಯುವಕನಿದ್ದ. ಅವನ ಮನೆಯಲ್ಲಿ, ಟಿವಿ ಸ್ಟ್ಯಾಂಡಿನ ಪಕ್ಕ, ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಅವನು ಒಂದು ಆಟದ ಸರ್ವರ್ ನಡೆಸುತ್ತಿದ್ದ.

ಸರ್ವರ್ ಎಂದ ತಕ್ಷಣ ಹೆದರಬೇಡಿ, ದೊಡ್ಡ ವಿಷಯವೇನಲ್ಲ. ಮನೆ ಕಟ್ಟುವ, ಮಣ್ಣು ಅಗೆಯುವ, ಕುರಿ ಸಾಕುವ ಒಂದು ಆಟ. ಲೋಹಿತನ ಕಂಪ್ಯೂಟರ್ ಚಾಲೂ ಇದ್ದರೆ ಅವನ ಹನ್ನೊಂದು ಮಂದಿ ಗೆಳೆಯರು ತಮ್ಮ ತಮ್ಮ ಮನೆಯಲ್ಲೇ ಕೂತು ಅದರೊಳಗೆ ಬಂದು ಒಟ್ಟಿಗೆ ಆಡಬಹುದು. ಅದು ಆರಿದರೆ ಎಲ್ಲರೂ ಹೊರಗೆ. ಮೂಲ ಆಟದಲ್ಲಿ ಇಲ್ಲದ್ದನ್ನು ಇವರೇ ಬರೆದು ಸೇರಿಸಿಕೊಳ್ಳುತ್ತಿದ್ದರು. ಅದಕ್ಕೆ ಮಾಡ್ ಎನ್ನುತ್ತಾರೆ. ಎತ್ತಿನ ಗಾಡಿ ಸೇರಿಸಿದ್ದರು, ಇಡ್ಲಿ ಹೋಟೆಲು ಸೇರಿಸಿದ್ದರು, ತಮ್ಮ ಕಾಲೇಜಿನ ಪ್ರಿನ್ಸಿಪಾಲರ ಕನ್ನಡಕ ಹಾಕಿದ ಒಂದು ಕತ್ತೆಯನ್ನೂ ಸೇರಿಸಿದ್ದರು. ಮಾಡ್ ಬರೆಯುವುದರಲ್ಲಿ ಶಶಾಂಕ ಎಂಬ ಗೆಳೆಯ ಎತ್ತಿದ ಕೈ.

ಗೆಳೆಯರೆಲ್ಲ ಲೋಹಿತನನ್ನು ‘ಓನರ್’ ಎಂದು ಕರೆಯುತ್ತಿದ್ದರು. ಆ ಪದ ಅವನ ತಲೆಗೇರಿತ್ತು. ಯಾಕೆ ಏರಬಾರದು? ಅವನು ಓಡಿಸುವ ಸ್ಕೂಟರ್ ಕೂಡ ಅಪ್ಪನ ಹೆಸರಿನಲ್ಲಿತ್ತು. ಲೋಕದಲ್ಲಿ ಅವನನ್ನು ಓನರ್ ಎಂದವರು ಈ ಹನ್ನೊಂದು ಮಂದಿ ಮಾತ್ರ. ಅವರನ್ನು ನಗಿಸುವುದಕ್ಕೆ ಅವನು ಏನು ಬೇಕಾದರೂ ಮಾಡುತ್ತಿದ್ದ.

ಮಿಕ್ಸಿ ಹಾಕಿದರೆ ಕರೆಂಟು ಟ್ರಿಪ್ ಆಗಿ ಸರ್ವರ್ ನಿಂತುಹೋಗುತ್ತದೆ ಎಂದು ಅವನು ಕೂಗಾಡಿದ ಮೇಲೆ ತಾಯಿ ಒರಳುಕಲ್ಲಿನಲ್ಲೇ ಚಟ್ನಿ ರುಬ್ಬುತ್ತಿದ್ದರು. ಹೆತ್ತ ಕರುಳು ನೋಡಿ, ಅದರಲ್ಲೂ ಅವರಿಗೆ ಹೆಮ್ಮೆಯೇ. ಒಂದು ದಿನ ಬೀದಿ ನಲ್ಲಿಯ ಹತ್ತಿರ ಹೇಳಿಕೊಂಡರು: “ನಮ್ಮ ಲೋಹಿತ ಮನೇಲೇ ಸರ್ವರ್ ಇಟ್ಟಿದಾನೆ ಕಣ್ರೇ. ಹಗಲೂ ರಾತ್ರಿ ಓಡ್ತಿರುತ್ತೆ. ಒಂದಿನಾನೂ ನಿಂತಿಲ್ಲ.”

ಕೊಡ ಹಿಡಿದು ನಿಂತಿದ್ದ ಓಬಳಮ್ಮ ಈ ಮಾತು ಕೇಳಿಸಿಕೊಂಡಳು.

ಓಬಳಮ್ಮ ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವವಳು. ವಯಸ್ಸು ಅರವತ್ತು ದಾಟಿತ್ತು. ಮನೆಯಲ್ಲಿ ಅವಳು ಮತ್ತು ಕಣ್ಣು ಕಾಣದ ತಂಗಿ ಮುದ್ದಕ್ಕ ಇಬ್ಬರೇ. ಇಬ್ಬರ ಹೊಟ್ಟೆ ತುಂಬುತ್ತಿದ್ದದ್ದು ರೇಷನ್ ಕಾರ್ಡಿನ ಅಕ್ಕಿಯಿಂದ. ಆ ತಿಂಗಳು ಒಂದು ಹೊಸ ಕಟ್ಟಳೆ ಬಂದಿತ್ತು. ಕಾರ್ಡಿನಲ್ಲಿ ಹೆಸರಿರುವವರೆಲ್ಲ ತಿಂಗಳು ಮುಗಿಯುವುದರೊಳಗೆ ರೇಷನ್ ಅಂಗಡಿಗೆ ಬಂದು ಮೆಷಿನ್ನಿಗೆ ಹೆಬ್ಬೆಟ್ಟು ಕೊಡಬೇಕು. ಕೊಡದಿದ್ದರೆ ಹೆಸರು ಹೋಗುತ್ತದೆ. ಓಬಳಮ್ಮ ತಂಗಿಯ ಕೈ ಹಿಡಿದುಕೊಂಡು ಎಂಟು ದಿನ ಅಂಗಡಿಗೆ ಹೋದಳು. ಎಂಟು ದಿನವೂ ಅಂಗಡಿಯವನು ಹೇಳಿದ್ದು ಒಂದೇ ಮಾತು: “ಸರ್ವರ್ ಇಲ್ಲ ಕಣಮ್ಮ, ನಾಳೆ ಬಾ.”

ಈಗ ನೀವೇ ಹೇಳಿ. ಎಂಟು ದಿನದಿಂದ ಊರಿಗೇ ಇಲ್ಲದ ಸರ್ವರ್ ಲೋಹಿತನ ಮನೆಯಲ್ಲಿದೆ ಎಂದು ಅವನ ತಾಯಿಯೇ ಹೇಳಿದರೆ ಯಾರು ನಂಬುವುದಿಲ್ಲ? ಓಬಳಮ್ಮನನ್ನು ದಡ್ಡಿ ಎನ್ನಬೇಡಿ. ಎರಡು ವಸ್ತುವಿಗೆ ಒಂದೇ ಹೆಸರಿಟ್ಟವಳು ಅವಳಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಒಂದು ಹಿಡಿ ಹುಣಸೆಹಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ಲೋಹಿತನ ಮನೆ ಬಾಗಿಲಿಗೆ ಬಂದಳು. ಬರಿಗೈಲಿ ಹೋಗಿ ಕೆಲಸ ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಲೋಹಿತ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ. ಬಾಯಿಯ ಮುಂದೆ ಮೈಕು ಇತ್ತು. ಈ ಮನೆಯಲ್ಲಿ ಆಡಿದ ಮಾತು ಹನ್ನೊಂದು ಮನೆಯಲ್ಲಿ ಕೇಳುತ್ತಿತ್ತು.

“ಲೋಹಿತಪ್ಪಾ, ಸರ್ವರು ನಿಮ್ಮನೇಲೇ ಐತಂತೆ. ನಿಮ್ಮವ್ವನೇ ಹೇಳ್ತಿದ್ಲು. ಅಂಗಡೀಲಿ ದಿನಾ ಇಲ್ಲ ಇಲ್ಲ ಅಂತಾರೆ. ನಮ್ಮಿಬ್ಬರ ಹೆಬ್ಬೆಟ್ಟು ನೀನೇ ತಗಂಬಿಡಪ್ಪ, ನಿನಗೆ ಪುಣ್ಯ ಬತ್ತದೆ.”

‘ಅಜ್ಜಿ, ಇದು ಆಟದ ಸರ್ವರ್, ಅಕ್ಕಿಯದ್ದು ಬೇರೆ.’ ಇಷ್ಟು ಹೇಳಿದ್ದರೆ ಸಾಕಿತ್ತು. ಆರೇ ಆರು ಪದ. ಆ ಪದಗಳು ಲೋಹಿತನ ಬಾಯಿಯವರೆಗೂ ಬಂದಿದ್ದವು. ಅಷ್ಟರಲ್ಲಿ ಕಿವಿಯೊಳಗೆ ಶಶಾಂಕ ಕೂಗಿದ: “ಓನರ್, ತಗೋ ಗುರು ಹೆಬ್ಬೆಟ್ಟು! ಬಿಡಬೇಡ!” ಉಳಿದವರೆಲ್ಲ ಹೋ ಎಂದು ನಕ್ಕರು.

ಲೋಹಿತ್ ಮೌಸನ್ನು ಎತ್ತಿ ಅಂಗಾತ ಹಿಡಿದ. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅಂಗಡಿಯ ಮೆಷಿನ್ನಿನಲ್ಲೂ ಅಂಥದ್ದೇ ಕೆಂಪು ದೀಪ. ಓಬಳಮ್ಮ ಹೆಬ್ಬೆರಳನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ದೀಪದ ಮೇಲೆ ಒತ್ತಿದಳು.

“ಬಂತಾ?”

“ಬಂತು ಅಜ್ಜಿ.”

“ತಂಗೀನ ನಾಳೆ ಕರ್ಕಂಬತ್ತೀನಿ. ಅವಳಿಗೆ ದಾರಿ ಕಾಣಾಕಿಲ್ಲ, ನಿಧಾನಕ್ಕೆ ಬರಬೇಕು,” ಎಂದು ಹುಣಸೆಹಣ್ಣಿನ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು ಹೋದಳು.

ದೇವರು ಅವನಿಗೆ ಇಡೀ ಒಂದು ದಿನ ಕೊಟ್ಟಿದ್ದ ಎಂಬುದನ್ನು ಗಮನಿಸಿ. ಓಬಳಮ್ಮನ ಮನೆ ಎರಡು ಬೀದಿ ಆಚೆಗಿತ್ತು. ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಮರುದಿನ ಹತ್ತು ಗಂಟೆಗೆ ಹನ್ನೊಂದು ಮಂದಿಯೂ ಆಟ ನಿಲ್ಲಿಸಿ ಕಿವಿಗೊಟ್ಟು ಕೂತಿದ್ದರು.

ಇಬ್ಬರೂ ಬಂದರು. ಅಕ್ಕ ತಂಗಿಯ ಬೆರಳನ್ನು ಹಿಡಿದು ಮೌಸಿನ ಮೇಲೆ ಇಟ್ಟಳು. “ಈ ಮಿಷನ್ನು ಬಾಳ ನುಣ್ಣಗೈತಲ್ಲಕ್ಕಾ,” ಎಂದಳು ಮುದ್ದಕ್ಕ. “ಇದು ದೊಡ್ಡ ಸರ್ವರು ಕಣೇ, ಅಂಗಡೀದಲ್ಲ,” ಎಂದಳು ಅಕ್ಕ. ಹೆಡ್‌ಫೋನಿನೊಳಗೆ ನಗೆ ಉಕ್ಕುತ್ತಿತ್ತು. ಇನ್ನಷ್ಟು ಉಕ್ಕಲಿ ಎಂದು ಲೋಹಿತ್ ಹೇಳಿದ: “ಇಬ್ಬರದೂ ಆಯ್ತು ಅಜ್ಜಿ. ಇನ್ನು ನೀವು ಅಂಗಡಿಗೆ ಹೋಗೋದೇ ಬೇಡ.” ಈ ಮಾತನ್ನು ಯಾರೂ ಅವನಿಂದ ಕೇಳಿರಲಿಲ್ಲ. ತಾನಾಗಿ ಹೇಳಿದ.

ಶಶಾಂಕ ಎರಡೂ ದಿನದ ಮಾತುಕತೆಯನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದ. ಎರಡೇ ದಿನದಲ್ಲಿ ಹೊಸ ಮಾಡ್ ಸಿದ್ಧವಾಯಿತು. ಆಟದ ಊರಿನಲ್ಲಿ ಕೈಚೀಲ ಹಿಡಿದ ಒಬ್ಬ ಮುದುಕಿ ಓಡಾಡುತ್ತಾಳೆ. ಅವಳನ್ನು ಹೊಡೆದರೆ ಓಬಳಮ್ಮನದೇ ದನಿಯಲ್ಲಿ “ಬಂತಾ?” ಎನ್ನುತ್ತಾಳೆ, ಚೀಲದಿಂದ ಅಕ್ಕಿ ಉದುರುತ್ತದೆ. ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿಗೆ ಅದನ್ನು ಹಾಕಿಕೊಂಡರು. ಕುರಿ ಸಾಕುವುದು, ಮನೆ ಕಟ್ಟುವುದು ಎಲ್ಲ ಬಿಟ್ಟು ಒಂದು ವಾರ ಮುದುಕಿಯನ್ನು ಹೊಡೆಯುವುದೇ ಆಟವಾಯಿತು. ಲೋಹಿತನೂ ಹೊಡೆದ.

ತಿಂಗಳ ಇಪ್ಪತ್ತೆಂಟಕ್ಕೆ ರೇಷನ್ ಅಂಗಡಿಗೆ ಸರ್ವರ್ ಬಂತು. ಸುದ್ದಿ ಹಬ್ಬಿ ಜನ ಸಾಲುಗಟ್ಟಿದರು. ಪಕ್ಕದ ಮನೆಯವಳು ಬಂದು ಕರೆದಳು, “ಓಬಳಮ್ಮಾ, ಬಾರೇ, ಸರ್ವರು ಬಂದೈತೆ.”

“ನಮ್ದು ಆಗೋಗೈತೆ ಬಿಡು,” ಎಂದಳು ಓಬಳಮ್ಮ. “ಇನ್ನು ಬರೋದೇ ಬೇಡ ಅಂದ ಲೋಹಿತಪ್ಪ. ನನ್ನ ಜಾಗದಲ್ಲಿ ಇನ್ನೊಬ್ಬರು ನಿಂತ್ಕಳ್ಲಿ, ಪಾಪ.” ಹೀಗೆಂದು ಮಂಡಿಗೆ ಹೋಗಿ ಬೀಜ ಬಿಡಿಸುತ್ತಾ ಕೂತಳು.

ಮುಂದಿನ ತಿಂಗಳು ಚೀಲ ಹಿಡಿದು ಹೋದಾಗ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. “ಹೆಬ್ಬೆಟ್ಟು ಎಲ್ಲಿ ಕೊಟ್ಟೆಯಮ್ಮ?” ಎಂದು ಕೇಳಿದ ಅಂಗಡಿಯವನು. ಲೋಹಿತಪ್ಪನ ಮನೆಯಲ್ಲಿ, ಕೆಂಪು ಲೈಟಿಗೆ, ಎಂದಳು. ಸಾಲಿನಲ್ಲಿದ್ದವರು ನಕ್ಕರು. ಅಂಗಡಿಯವನು ನಗಲಿಲ್ಲ. ಅದು ಆಟ ಆಡುವ ಸರ್ವರ್ ಎಂದು ಅವಳಿಗೆ ತಿಳಿಸಿ ಹೇಳಿದ. ಅವನಿಗೂ ಆರೇ ಪದ ಸಾಕಾದವು.

ಓಬಳಮ್ಮ ಅಲ್ಲಿಂದ ನೇರ ಲೋಹಿತನ ಮನೆಗೆ ಬಂದಳು. ಬೈಯುತ್ತಾಳೆ ಎಂದು ಅವನು ಎದ್ದು ನಿಂತ. ಅವಳು ಬೈಯಲಿಲ್ಲ.

“ಅದು ಆಟದ್ದಂತೆ. ನನಗೆ ಗೊತ್ತಿರಲಿಲ್ಲ,” ಎಂದಳು. “ನಿನಗೆ ಗೊತ್ತಿತ್ತಲ್ಲಪ್ಪ.”

ಹಿತ್ತಲಿನಿಂದ ಬಂದ ತಾಯಿಗೆ ಓಬಳಮ್ಮನಿಂದಲೇ ಎಲ್ಲ ತಿಳಿಯಿತು. ಅವರು ಒಳಗೆ ಹೋಗಿ ಮಿಕ್ಸಿ ಹಾಕಿದರು. ಕಂಪ್ಯೂಟರ್ ಆರಿಹೋಯಿತು. ಅವರು ಮಿಕ್ಸಿಯ ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ.

ಲೋಹಿತ್ ತಾಲ್ಲೂಕು ಕಚೇರಿಗೆ ಓಡಿದ. ಹೊಸದಾಗಿ ಅರ್ಜಿ ಹಾಕಬೇಕು, ನಾಲ್ಕೈದು ತಿಂಗಳು ಹಿಡಿಯುತ್ತದೆ ಎಂದರು. ಅರ್ಜಿ ಹಾಕಿ ಬಂದು ಗೆಳೆಯರಿಗೆ ಹೇಳಿದ, ಆ ಮುದುಕಿಯನ್ನು ತೆಗೆದುಬಿಡಿ ಎಂದು. “ಯಾಕೆ ಮಗಾ, ಅದೇ ಚೆನ್ನಾಗಿರೋದು ನಮ್ಮ ಸರ್ವರಲ್ಲಿ,” ಎಂದ ಶಶಾಂಕ. ಲೋಹಿತ್ ತನ್ನ ಕಂಪ್ಯೂಟರಿನಿಂದ ಅಳಿಸಿದ. ಆದರೆ ಮಾಡ್ ಹನ್ನೊಂದು ಕಂಪ್ಯೂಟರಿನಲ್ಲೂ ಇತ್ತಲ್ಲ. ಶಶಾಂಕ ತನ್ನ ಮನೆಯಲ್ಲೇ ಬೇರೆ ಸರ್ವರ್ ಶುರು ಮಾಡಿದ. ಸಂಜೆಯೊಳಗೆ ಅಷ್ಟೂ ಜನ ಅಲ್ಲಿಗೆ ಹೋದರು. ಯಾರನ್ನು ನಗಿಸಲು ಅವನು ಇಷ್ಟೆಲ್ಲ ಮಾಡಿದನೋ ಅವರು ಅವನಿಗೆ ಹೋಗಿಬರುತ್ತೇವೆ ಎಂದೂ ಹೇಳಲಿಲ್ಲ.

ಮರುದಿನ ಲೋಹಿತ್ ಹತ್ತು ಕಿಲೋ ಅಕ್ಕಿ ಹೊತ್ತು ಓಬಳಮ್ಮನ ಮನೆಗೆ ಹೋದ. ಅಕ್ಕತಂಗಿಯರು ಜಗುಲಿಯ ಮೇಲೆ ಕೂತಿದ್ದರು.

“ಹಸಿವು ಐತೆ, ಬ್ಯಾಡ ಅನ್ನಾಕಿಲ್ಲ, ತಗಂತೀನಿ,” ಎಂದಳು ಓಬಳಮ್ಮ. “ಆದ್ರೆ ಆ ಅಕ್ಕಿ ನಮ್ದು ಅಂತ ಬತ್ತಿತ್ತಪ್ಪ. ಕಾರ್ಡ್ ತೋರಿಸಿ ಜೋರಾಗಿ ಕೇಳಿ ತಗಂತಿದ್ವಿ, ತೂಕ ಕಮ್ಮಿಯಾದ್ರೆ ಜಗಳಾನೂ ಆಡ್ತಿದ್ವಿ. ಇದು ನೀನು ಕೊಟ್ಟಿದ್ದು. ಇನ್ಮೇಲೆ ನಿನ್ನ ಕಂಡ್ರೆ ನಾವು ಎದ್ದು ನಿಲ್ಲಬೇಕು.”

ಬಾಯಿಮಾತಿಗೆ ಹೇಳುತ್ತಾಳೆ ಎಂದುಕೊಂಡ ಲೋಹಿತ್. ನಾಲ್ಕು ದಿನ ಬಿಟ್ಟು ಅದೇ ಬೀದಿಯಲ್ಲಿ ಹೋಗುವಾಗ ಓಬಳಮ್ಮ ಅವನನ್ನು ನೋಡಿ ನಿಜವಾಗಿಯೂ ಎದ್ದು ನಿಂತಳು. ತಂಗಿಯ ಕಿವಿಯಲ್ಲಿ ಏನೋ ಹೇಳಿದಳು. ಕಣ್ಣು ಕಾಣದ ಮುದ್ದಕ್ಕನೂ ಗೋಡೆ ತಡವಿ ಹಿಡಿದು, ಎದ್ದು, ಅವನು ಯಾವ ಕಡೆ ಇದ್ದಾನೆಂದು ತಿಳಿಯದೆ ಬೇರೆ ಕಡೆಗೆ ಮುಖ ಮಾಡಿ ಕೈಮುಗಿದಳು.

ನೀತಿ: ತಿಳಿಯದೆ ಕೇಳುವುದು ತಪ್ಪಲ್ಲ. ತಿಳಿದೂ ತಿದ್ದದೆ ನಗುವುದು ಕಳ್ಳತನ. ಹಾಗೆ ಕದ್ದದ್ದನ್ನು ಆಮೇಲೆ ಹೊತ್ತು ತಂದು ಕೊಟ್ಟರೂ ಅದು ದಾನವಾಗುತ್ತದೆಯೇ ಹೊರತು ಅವರ ಹಕ್ಕಾಗಿ ಹಿಂತಿರುಗುವುದಿಲ್ಲ.